ಮೂರು ಹದಿನೇಳು ದಾಟಿದ ಮೇಲೆ

ಆ ಮಧ್ಯಾಹ್ನ ಮೋಡ ಮುಸುಕಿತ್ತು ಎಂದು ಬರೆದು, ಹೊಡೆದುಹಾಕಿದೆ. ಮೋಡವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ನಮ್ಮ ಹೆರಿಗೆ ಕೋಣೆಯ ಕಿಟಕಿ ಗಾಜಿಗೆ ಬಿಳಿ ಬಣ್ಣ ಬಳಿದಿದ್ದಾರೆ. ಹೊರಗೆ ಮಳೆ ಬಂದಿದೆಯೇ ಎಂದು ತಿಳಿಯಬೇಕಾದರೆ ಒಳಗೆ ಬರುವವರ ಸೀರೆಯ ಅಂಚು ನೋಡಬೇಕು. ಆ ಮೋಡವನ್ನು ನಾನು ಕಂಡದ್ದಲ್ಲ, ಆಮೇಲೆ ಎಲ್ಲಿಂದಲೋ ತಂದು ಹಚ್ಚಿದ್ದು. ದೊಡ್ಡದೇನಾದರೂ ನಡೆದರೆ ನೆನಪು ಅದಕ್ಕೆ ತಕ್ಕ ಆಕಾಶ ಹುಡುಕುತ್ತದೆ. ಅದರ ಈ ಚಾಳಿ ನನಗೆ ಹಿಡಿಸುವುದಿಲ್ಲ. ಆದ್ದರಿಂದ ಖಂಡಿತ ಗೊತ್ತಿರುವುದನ್ನು ಮೊದಲು ಹೇಳಿಬಿಡುತ್ತೇನೆ.

ಯಲಹಂಕದ ಕಡೆಯ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನಾನು ನರ್ಸ್. ಇಪ್ಪತ್ತು ವರ್ಷ ಡಾಕ್ಟರ ಪಕ್ಕದಲ್ಲಿ ಟ್ರೇ ಹಿಡಿದು ನಿಂತವಳು, ನಲವತ್ತು ದಾಟಿದ ಮೇಲೆ ಮತ್ತೆ ಬೆಂಚಿನಲ್ಲಿ ಕೂತು ಸೂಲಗಿತ್ತಿಯ ಹೊಸ ತರಬೇತಿ ಪಡೆದೆ. ಈಗ ತೊಡಕಿಲ್ಲದ ಹೆರಿಗೆಗಳನ್ನು ಕೆಳಗಿನ ಕೋಣೆಯಲ್ಲಿ ನಾವೇ ಮಾಡಿಸುತ್ತೇವೆ. ತೊಡಕು ಕಂಡರೆ ಮೇಲಿನ ಮಹಡಿಯಿಂದ ಡಾಕ್ಟರನ್ನು ಕರೆಸುತ್ತೇವೆ. ಮೇಲಿನವರು ನಮ್ಮನ್ನು ‘ಇಂಗ್ಲಿಷ್ ಸೂಲಗಿತ್ತೀರು’ ಎಂದು ರೇಗಿಸುತ್ತಾರೆ. ತರಬೇತಿಯಲ್ಲಿ ಕಲಿತದ್ದರಲ್ಲಿ ನನಗೆ ಅತಿ ಕಷ್ಟವಾದದ್ದು ಸುಮ್ಮನೆ ಕೂರುವುದು. ಹಳೆಯ ದಿನಗಳಲ್ಲಿ ಮಗುವನ್ನು ಕೆಳಕ್ಕೆ ತಳ್ಳಲು ‘ಮುಕ್ಕು, ಮುಕ್ಕು, ಇನ್ನೂ ಜೋರಾಗಿ’ ಎಂದು ಕೂಗುವುದೇ ನಮ್ಮ ಕೆಲಸವೆಂದುಕೊಂಡಿದ್ದೆವು. ಈಗ, ಅವಳ ಮೈ ಯಾವಾಗ ಹೇಳುತ್ತದೋ ಆಗ ಅವಳೇ ಮುಕ್ಕಲಿ, ನೀನು ಪಕ್ಕದಲ್ಲಿದ್ದು ಮಗುವಿನ ಎದೆಬಡಿತ ಕೇಳುತ್ತಿರು ಎನ್ನುತ್ತಾರೆ.

ನಮ್ಮಲ್ಲಿ ಇನ್ನೊಂದು ನಿಯಮ. ಮಗು ಪೂರ್ತಿ ಹೊರಗೆ ಬಂದ ಕ್ಷಣ, ಕೋಣೆಯಲ್ಲಿರುವ ಎರಡನೆಯ ನರ್ಸ್ ಗಡಿಯಾರ ನೋಡಿ ಹೊತ್ತನ್ನು ಗಟ್ಟಿಯಾಗಿ ಕೂಗಬೇಕು. ಗಡಿಯಾರ ಇರುವುದು ಮಗು ಹಿಡಿಯುವವಳ ಬೆನ್ನ ಹಿಂದೆ. ಕೈಯಲ್ಲಿ ಮಗುವಿಟ್ಟುಕೊಂಡು ಯಾರೂ ಹಿಂದೆ ತಿರುಗುವುದಿಲ್ಲ. ಕೂಗಿದ ಹೊತ್ತೇ ಹಾಳೆಗೆ ಹೋಗುತ್ತದೆ, ಅಲ್ಲಿಂದ ಜನನ ಪತ್ರಕ್ಕೆ, ಅಲ್ಲಿಂದ ಜಾತಕಕ್ಕೆ. ಒಂದು ದಿನ ಆ ಹೊತ್ತನ್ನು ಕೂಗಲು ಯಾರೂ ಇರಲಿಲ್ಲ. ನಾನು ಹೇಳಹೊರಟಿರುವುದು ಅದನ್ನೇ.

ಅವರು ರಾಜಾನುಕುಂಟೆಯ ಕಡೆಯವರು. ಹೊಲವಿದ್ದಲ್ಲಿ ಈಗ ಬಾಡಿಗೆ ಮನೆಗಳನ್ನು ಕಟ್ಟಿಸಿದ ಕುಟುಂಬ. ಸೊಸೆಗೆ ಚೊಚ್ಚಲು. ಬೆಳಿಗ್ಗೆ ಎಂಟಕ್ಕೆ ಬಂದವಳ ಜೊತೆ ಅತ್ತೆಯೂ ಒಳಗೆ ಬಂದರು. ಹೆರುವವಳ ಬಳಿ ಮನೆಯ ಒಬ್ಬ ಹೆಂಗಸು ಇರಬಹುದೆನ್ನುವುದು ಈಗಿನ ಪದ್ಧತಿ. ಫೋನ್ ಮಾತ್ರ ಹೊರಗಿಡಬೇಕು. ಅತ್ತೆ ಅದನ್ನು ರವಿಕೆಯೊಳಗೆ ಇಟ್ಟುಕೊಂಡೇ ಬಂದಿದ್ದರು ಎಂಬುದು ನಮಗೆ ತಿಳಿದದ್ದು ಆಮೇಲೆ.

ರವಿಕೆಯೊಳಗೆ ಇನ್ನೊಂದು ವಸ್ತುವೂ ಇತ್ತು. ಸುಮಾರು ಹನ್ನೊಂದು ಗಂಟೆಗೆ ಅವರು ನನ್ನ ಪಕ್ಕ ಬಂದು ನಿಂತರು.

‘ನರ್ಸಮ್ಮ, ಎಷ್ಟೊತ್ತಿಗ್ ಆಯ್ತದೆ?’

‘ಅದನ್ನ ಮಗು ಹೇಳ್ಬೇಕಮ್ಮ.’

‘ಮಗೀಗ್ ಏನ್ ಗೊತ್ತಾಯ್ತದೆ? ನಮ್ ಐನೋರು ಬರ್ದ್ ಕೊಟ್ಟವ್ರೆ ನೋಡಿ.’ ನಾಲ್ಕು ಮಡಿಕೆ ಮಾಡಿದ ಚೀಟಿ ತೆಗೆದು ನನ್ನ ಕೈಗಿಟ್ಟರು. ‘ಮೂರ್ ಅದಿನೇಳರ್ ಗಂಟ ಪುಷ್ಯ. ಅದ್ರೊಳ್ಗೇ ಆಗ್ಬೇಕು. ಆಮ್ಯಾಕೆ ಆಶ್ಲೇಷ ಉಟ್ಕಂತದೆ.’

‘ಹುಟ್ಟಿದ್ರೆ?’

‘ಗಂಡಾದ್ರೆ ಏನಿಲ್ಲ. ಎಣ್ಣಾದ್ರೆ ಅತ್ತೆಗ್ ಆಗಕಿಲ್ಲ ಅಂತಾರೆ. ಅತ್ತೆ ಇರೋ ಮನೆಗೆ ಯಾರೂ ತಂದ್ಕಳಾಕಿಲ್ಲ.’

ಚಾಪೆಯ ಮೇಲೆ ಮಂಡಿಯೂರಿ ದಿಂಬಿಗೆ ಒರಗಿದ್ದ ಸೊಸೆ ತಲೆಯೆತ್ತಿದಳು. ‘ಅತ್ತೆ, ಸಾಕು ಮಾಡ್ರೀ. ನಂಗೆ ಹೆರಿಗೆ ನೋವು, ನಿಮ್ಗೆ ಪಂಚಾಂಗದ ನೋವು.’

ನಾನು ನಕ್ಕೆ. ಅತ್ತೆ ನಗಲಿಲ್ಲ. ‘ನಗ್ಬ್ಯಾಡಿ ನರ್ಸಮ್ಮ. ನಂದೇ ಆಶ್ಲೇಷ’ ಎಂದರು.

ಅವರನ್ನು ನೋಡಲು ಏಳು ಗಂಡುಗಳು ಬಂದು, ಏಳು ಸಲ ಉಪ್ಪಿಟ್ಟು ತಿಂದು, ನಕ್ಷತ್ರ ಕೇಳಿ ಎದ್ದು ಹೋಗಿದ್ದರಂತೆ. ಕೊನೆಗೆ ಅತ್ತೆಯಿಲ್ಲದ ಮನೆ ಹುಡುಕಿ ಕೊಟ್ಟರು. ತವರಿನಲ್ಲಿ ತಾಯಿಯೂ ಇರಲಿಲ್ಲ. ‘ಮೂರ್ ಮಕ್ಳ್ ಎತ್ತೆ. ಒಂದ್ಕೂ ಕೈ ಇಡ್ಕಳಾಕೆ ದೊಡ್ ಎಂಗ್ಸು ಅಂತ ಒಬ್ರಿರ್ಲಿಲ್ಲ. ಬಾಣಂತಿ ನೀರೂ ನಾನೇ ಒಲೆ ಮ್ಯಾಲ್ ಇಟ್ಕಂಡೆ. ಅದ್ಕೇ ಇವ್ಳ್ ಜೊತೆ ಒಳೀಕ್ ಬಂದಿದ್ದು. ನಮ್ ಮನೆ ಮಗೀಗೆ ಇನ್ನೊಂದ್ ಸಲ ಅಂಗಾಗ್ಬಾರ್ದು. ಒಂದ್ ಸೂಜಿ ಆಕ್ಬುಡಿ, ಬ್ಯಾಗ ಆಗ್ಲಿ. ನಮ್ ಬೀದೀಲಿ ಟೇಮ್ ಕೊಟ್ಟು ಆಪ್ರೇಶನ್ನೇ ಮಾಡಿಸ್ಕಂತಾವ್ರೆ.’

ಅದು ನಿಜ. ಒಳ್ಳೆಯ ಮುಹೂರ್ತಕ್ಕೆ ಹೊಟ್ಟೆ ಕೊಯ್ಯಿಸಿಕೊಳ್ಳುವವರು ಹೆಬ್ಬಾಳದಲ್ಲೂ ಇದ್ದಾರೆ, ಆರ್.ಟಿ. ನಗರದಲ್ಲೂ ಇದ್ದಾರೆ. ನಾನು ಗ್ರಾಫ್ ಹಾಳೆ ತೆಗೆದು ತೋರಿಸಿದೆ. ಹೆರಿಗೆ ಎಷ್ಟು ಮುಂದುವರಿದಿದೆ ಎಂದು ಗಂಟೆಗಂಟೆಗೂ ಗುರುತು ಹಾಕುವ ಹಾಳೆ ಅದು. ಗೆರೆ ಸರಿಯಾಗಿಯೇ ಏರುತ್ತಿತ್ತು. ‘ಚೆನ್ನಾಗಿ ನಡೀತಿರೋ ಹೆರಿಗೆಗೆ ನೋವಿನ ಇಂಜೆಕ್ಷನ್ ಹಾಕಿದ್ರೆ ನೋವಿನ ಮೇಲೆ ನೋವು ಬರುತ್ತೆ. ನಡುವೆ ಬಿಡುವಿಲ್ಲದೆ ಹೋದ್ರೆ ಒಳಗಿರೋ ಮಗು ಉಸಿರಿಗೆ ಒದ್ದಾಡುತ್ತೆ. ನಕ್ಷತ್ರಕ್ಕೋಸ್ಕರ ಅದನ್ನ ನಾನ್ ಮಾಡಲ್ಲಮ್ಮ’ ಎಂದೆ.

ಅವರು ಚೀಟಿಯನ್ನು ಮಡಿಸಿ ಒಳಗಿಟ್ಟುಕೊಂಡರು. ಜಗಳವಾಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ನನ್ನ ತಲೆಯೊಳಗೆ ‘ಮೂರು ಹದಿನೇಳು’ ಅಷ್ಟು ಹೊತ್ತು ಉಳಿಯುತ್ತಿರಲಿಲ್ಲ.

ಇನ್ನು ಮುಂದಿನದನ್ನು ನಾನು ಯಾರಿಗೂ ಹೇಳಬೇಕಾಗಿರಲಿಲ್ಲ. ಎರಡು ಗಂಟೆಯ ಮೇಲೆ, ಮಂಚಕ್ಕೆ ಹತ್ತಿಸಿದ್ದ ಸೊಸೆಗೆ ತಾನಾಗಿ ಮುಕ್ಕು ಬರತೊಡಗಿತು. ಎಲ್ಲ ಸರಿಯಾಗಿತ್ತು. ಮೂರು ಗಂಟೆಯಾಯಿತು. ಮೂರೂ ಹತ್ತಕ್ಕೆ ನಾನು ಹಿಂದೆ ತಿರುಗಿ ಗಡಿಯಾರ ನೋಡಿದೆ. ಯಾಕೆ ನೋಡಿದೆ? ಎದೆಬಡಿತ ಎಣಿಸಲು ಎಂದು ಎಷ್ಟೋ ದಿನ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಎದೆಬಡಿತಕ್ಕೆ ಕೈಯಲ್ಲಿನ ಯಂತ್ರವೇ ಸಾಕು, ಅದು ಸಂಖ್ಯೆಯನ್ನೇ ತೋರಿಸುತ್ತದೆ. ನಾನು ನೋಡಿದ್ದು ಏಳು ನಿಮಿಷ ಉಳಿದಿದೆ ಎಂದು. ತಿರುಗಿ ಸೊಸೆಗೆ ಹೇಳಿದೆ: ‘ಮುಕ್ಕಮ್ಮ, ಇನ್ನೂ ಜೋರಾಗಿ. ಬಿಡ್ಬೇಡ, ಬಿಡ್ಬೇಡ.’ ಬಿಟ್ಟುಬಿಟ್ಟೆನೆಂದುಕೊಂಡಿದ್ದ ಇಪ್ಪತ್ತು ವರ್ಷದ ಹಳೆಯ ಕೂಗು ಅದು. ಅವಳು ಉಸಿರು ಕಟ್ಟಿ ಮುಕ್ಕಿದಳು. ಮತ್ತೆ ಮುಕ್ಕಿದಳು.

ಆಮೇಲೆ ಮಗುವಿನ ಎದೆಬಡಿತ ಇಳಿಯಿತು. ಒಂದು ನೋವಿನಲ್ಲಿ ಇಳಿದದ್ದು ಮತ್ತೆ ಏರಲಿಲ್ಲ. ಎರಡನೆಯವಳಾಗಿ ನನ್ನ ಜೊತೆಗಿದ್ದ ಕಿರಿಯ ನರ್ಸಿಗೆ ‘ಮೇಲಕ್ಕೆ ಓಡು, ಡಾಕ್ಟರನ್ನ ಕರ್ಕೊಂಡ್ ಬಾ’ ಎಂದೆ. ಅವಳು ಹೊರಗೆ ಹೋಗುವಾಗ ಗಡಿಯಾರ ನೋಡಿದಳಂತೆ, ಅಭ್ಯಾಸಬಲ. ಮೂರು ಹದಿನಾಲ್ಕು. ಅಲ್ಲಿಂದಾಚೆಗೆ ಕೋಣೆಯಲ್ಲಿ ಹೊತ್ತನ್ನು ಕೂಗಬೇಕಾದವಳಿಲ್ಲ. ಉಳಿದದ್ದು ಸೊಸೆ, ಅತ್ತೆ, ನಾನು.

ತಲೆ ಬಂತು. ಎಷ್ಟು ಹೆರಿಗೆ ನೋಡಿದರೂ ಇಲ್ಲಿ ನನ್ನ ಮೈ ಜುಮ್ಮೆನ್ನುತ್ತದೆ. ನೆಲ ನೋಡುತ್ತ ಹೊರಬಂದ ತಲೆ ಒಂದು ಗಳಿಗೆ ಹಾಗೇ ನಿಲ್ಲುತ್ತದೆ. ಆಮೇಲೆ ತಾನಾಗಿ, ಯಾರೂ ಮುಟ್ಟದೆ, ಪಕ್ಕಕ್ಕೆ ತಿರುಗುತ್ತದೆ. ಒಳಗಿರುವ ಹೆಗಲು ದಾರಿ ಹುಡುಕಿಕೊಳ್ಳುತ್ತಿದೆ ಎಂದು ಅದರರ್ಥ. ಆ ದಾರಿಯನ್ನು ಅದಕ್ಕೆ ಹೇಳಿಕೊಟ್ಟವರು ಯಾರು? ಪುಸ್ತಕದಲ್ಲಿ ಕಾರಣವಿದೆ, ನಾನೂ ಪರೀಕ್ಷೆಯಲ್ಲಿ ಬರೆದಿದ್ದೇನೆ. ಕಾರಣ ಗೊತ್ತಿದ್ದೂ ಬೆರಗು ಕಮ್ಮಿಯಾಗಿಲ್ಲ. ಆ ದಿನ ಆ ತಲೆ ತಿರುಗುವಾಗ ಕುತ್ತಿಗೆಗೆ ಬಿಗಿಯಾಗಿ ಸುತ್ತಿದ್ದ ಹೊಕ್ಕುಳಬಳ್ಳಿ ಕಂಡಿತು. ಅದನ್ನು ಸರಿಸಿದೆ. ಮಗು ನನ್ನ ಕೈಗೆ ಜಾರಿತು. ಹೆಣ್ಣು.

ಅಳಲಿಲ್ಲ.

ಹಾಗೆ ಬಂದ ಮಗು ನೀಲಿಯಾಗಿರುತ್ತದೆ ಎನ್ನುತ್ತಾರೆ. ನನಗೆ ಅದರ ಬಣ್ಣ ನೆನಪಿಲ್ಲ, ತೂಕ ನೆನಪಿದೆ. ಬದುಕಿರುವ ಮಗು ಕೈಯಲ್ಲಿ ತನ್ನ ತೂಕವನ್ನು ತಾನೇ ಸ್ವಲ್ಪ ಹೊತ್ತಿರುತ್ತದೆ. ಇದು ಪೂರ್ತಿ ನನ್ನ ಮೇಲೆಯೇ ಬಿದ್ದಿತ್ತು, ಒದ್ದೆ ಬಟ್ಟೆಯ ಹಾಗೆ. ಒರೆಸಿದೆ, ಬೆನ್ನುಜ್ಜಿದೆ. ಇಲ್ಲ. ಬಳ್ಳಿ ಕತ್ತರಿಸಿ ಪಕ್ಕದ ಮೇಜಿನ ಮೇಲೆ ಮಲಗಿಸಿದೆ. ಮೂಗು ಬಾಯಿ ಮುಚ್ಚುವ ಪುಟ್ಟ ಮಾಸ್ಕ್ ಇಟ್ಟು, ಅದರ ಗಾಳಿಚೀಲ ಒತ್ತತೊಡಗಿದೆ. ಒತ್ತು, ಬಿಡು, ಬಿಡು. ಒತ್ತು, ಬಿಡು, ಬಿಡು. ಎದೆ ಏಳುತ್ತಿದೆಯೇ? ಏಳುತ್ತಿದೆ. ಆದರೆ ಅದು ನನ್ನ ಗಾಳಿ, ಅದರದ್ದಲ್ಲ. ಹಿಂದೆ ಅತ್ತೆಯ ದನಿ, ಒಂದೇ ಮಾತು, ಮೇಲಿಂದ ಮೇಲೆ: ‘ಘಾಟಿ ಸುಬ್ಬಪ್ಪಾ ಉಸ್ರು ಕೊಡಪ್ಪಾ, ಘಾಟಿ ಸುಬ್ಬಪ್ಪಾ ಉಸ್ರು ಕೊಡಪ್ಪಾ.’

ಅದೇ ಹೊತ್ತಿಗೆ ಆಕೆಯ ಎದೆಯೊಳಗಿಂದ ಫೋನ್ ಬಡಿದುಕೊಂಡಿತು. ಆಫ್ ಮಾಡಲು ಹೋಗಿ ಎತ್ತಿಬಿಟ್ಟರು. ಆ ಗಳಿಗೆಯಲ್ಲಿ ನನ್ನ ಕೈಯ ಕೆಳಗಿನ ಎದೆ, ನಾನು ಒತ್ತದೆ, ಎದ್ದಿತು.

ಇದನ್ನು ಹೇಗೆ ಹೇಳಲಿ? ಎದೆಯ ನಡುವಿನಿಂದ ಕೆಂಪು ಹರಡಿತು ಎಂದರೆ ಚಂದ ಕಾಣಿಸಲು ಹೇಳಿದ ಹಾಗಾಗುತ್ತದೆ. ಆದರೂ ನಡೆದದ್ದು ಅದೇ. ಎದೆ, ಹೊಟ್ಟೆ, ಆಮೇಲೆ ಕಾಲು. ಹಸ್ತ ಪಾದ ಕೊನೆಗೆ. ಒಂದು ಕ್ಷಣದ ಹಿಂದೆ ಇಲ್ಲದಿದ್ದ ಒಬ್ಬರು ಈಗ ಈ ಕೋಣೆಯಲ್ಲಿದ್ದಾರೆ, ಬಾಗಿಲಿನಿಂದ ಬಂದವರಲ್ಲ. ಮಗು ಸಿಟ್ಟಿನಿಂದ ಅತ್ತಿತು. ಮಾಸ್ಕ್ ತೆಗೆದು ಪಕ್ಕಕ್ಕಿಟ್ಟೆ.

ಫೋನ್ ಮಾಡಿದವನು ಮಗುವಿನ ಅಪ್ಪ. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ನೀರಿನ ಟ್ಯಾಂಕರಿನ ಹಿಂದೆ ಸಿಕ್ಕಿಕೊಂಡು, ಎಲ್ಲಿಗೆ ಬಂತು ಎಂದು ಕೇಳಲು ಮಾಡಿದ್ದ. ‘ನನ್ ಮಗಳು ಹುಟ್ಟಿದ್ದೇ ಹೆಬ್ಬಾಳ ಫ್ಲೈಓವರ್ ಮೇಲೆ ಕಣ್ರೀ, ಅರ್ಧ ಗಂಟೆ ಅತ್ತಿದ್ದು ಕೇಳಿಸ್ಕೊಂಡೆ’ ಎಂದು ಆಮೇಲೆ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಆ ಕರೆ ನಡೆದದ್ದು ಹನ್ನೆರಡು ಸೆಕೆಂಡ್.

ಮೇಲೆ ಆಪರೇಷನ್ನಿನಲ್ಲಿದ್ದ ಡಾಕ್ಟರು ಆಗ ಕಿರಿಯ ನರ್ಸ್ ಜೊತೆ ಬಂದರು, ಮಗುವನ್ನು ನೋಡಿದರು, ತಾಯಿಯನ್ನು ನೋಡಿದರು. ಮಾಸು ಸರಿಯಾಗಿ ಬಿತ್ತು, ರಕ್ತ ಹತೋಟಿಯಲ್ಲಿತ್ತು. ಮಗುವನ್ನು ಅವಳ ಎದೆಯ ಮೇಲೆ ಮಲಗಿಸಿದೆವು. ನಾನು ಹಾಳೆ ತೆಗೆದು ಪೆನ್ನು ಹಿಡಿದೆ. ಹುಟ್ಟಿದ ಹೊತ್ತು: ಅಲ್ಲಿ ಪೆನ್ನು ನಿಂತಿತು.

‘ಟೈಮ್ ಎಷ್ಟು?’ ಡಾಕ್ಟರು ಕೇಳಿದರು.

‘ನೋಡ್ಲಿಲ್ಲ ಸರ್.’

‘ಅಪ್ರಾಕ್ಸಿಮೇಟ್ ಆಗಿ ಹಾಕ್ಬಿಡಿ ಸಿಸ್ಟರ್. ಒಂದೆರಡು ನಿಮಿಷದಲ್ಲಿ ಏನ್ ಹೋಗುತ್ತೆ?’ ಎಂದು ಮೇಲಕ್ಕೆ ಹೋದರು.

ಕಿರಿಯ ನರ್ಸ್ ಹೊರಗೆ ಹೋದದ್ದು ಮೂರು ಹದಿನಾಲ್ಕಕ್ಕೆ. ಅತ್ತೆಯ ಫೋನ್ ನೋಡಿದೆವು: ಮಗನ ಕರೆ ಮೂರು ಇಪ್ಪತ್ತಕ್ಕೆ. ಮಗು ಅತ್ತದ್ದು ಆಗ. ಹುಟ್ಟಿದ್ದು ಇವೆರಡರ ನಡುವೆ ಎಲ್ಲೋ. ಆರು ನಿಮಿಷ. ಆ ಆರು ನಿಮಿಷದ ನಡುವೆ ಐನೋರ ಚೀಟಿಯ ಗೆರೆ.

ಅತ್ತೆ ನನ್ನ ಹತ್ತಿರ ಬಂದರು. ಬೆಳಗಿನ ದನಿಯಲ್ಲ, ಬಹಳ ತಗ್ಗಿದ ದನಿ. ‘ನರ್ಸಮ್ಮ. ಅದಿನಾರು ಅಂತ ಬರ್ದ್ಬುಡಿ. ನೀವೂ ನೋಡಿಲ್ಲ, ನಾನೂ ನೋಡಿಲ್ಲ. ಯಾರಿಗ್ ಏನ್ ನಷ್ಟ?’

ನನಗೆ ಬರೆಯಬೇಕೆನಿಸಿತು. ಇದನ್ನು ಒಪ್ಪಿಕೊಳ್ಳದಿದ್ದರೆ ಇಡೀ ಬರಹ ಸುಳ್ಳಾಗುತ್ತದೆ. ಏಳು ಸಲ ಉಪ್ಪಿಟ್ಟು ಮಾಡಿಟ್ಟ ಒಬ್ಬ ಹುಡುಗಿ ನನ್ನ ಕಣ್ಣ ಮುಂದಿದ್ದಳು. ಅದೂ ಅಲ್ಲದೆ, ಆ ಏಳು ನಿಮಿಷಕ್ಕಾಗಿ ನಾನು ಕೂಗಿದ್ದೆ. ಹದಿನಾರು ಎಂದು ಬರೆದರೆ ಆ ಕೂಗಿಗೂ ಒಂದು ಫಲ ಸಿಕ್ಕಂತಾಗುತ್ತಿತ್ತು. ಪೆನ್ನಿನ ತುದಿ ಹಾಳೆಗೆ ತಾಗಿತ್ತು. ಆಗ ಕೆಳಗಿನ ಸಾಲು ಕಣ್ಣಿಗೆ ಬಿತ್ತು: ಮೊದಲ ಉಸಿರು ಬಂದ ಹೊತ್ತು.

‘ಅಮ್ಮ, ಇಲ್ಲಿ ನೋಡಿ,’ ಎಂದೆ. ‘ಅತ್ತಿದ್ದು ಮೂರು ಇಪ್ಪತ್ತಕ್ಕೆ, ಅದು ನಿಮ್ಮ ಫೋನಲ್ಲೇ ಇದೆ. ಹುಟ್ಟಿದ್ದು ಹದಿನಾರಕ್ಕೆ ಅಂತ ಬರೆದ್ರೆ, ಮಗು ನಾಲ್ಕು ನಿಮಿಷ ಉಸಿರಿಲ್ಲದೆ ಇತ್ತು ಅಂತ ಬರೆದ ಹಾಗೆ. ನಾಳೆ ಇವಳು ನಡೆಯೋದು ತಡವಾದ್ರೆ, ಮಾತು ತಡವಾದ್ರೆ, ಯಾವುದೋ ಡಾಕ್ಟ್ರು ಈ ಹಾಳೆ ತೆಗೆದು ನೋಡ್ತಾರೆ. ನಾಲ್ಕು ನಿಮಿಷ ಅಂತ ಇದ್ರೆ, ತಲೆಗೆ ಪೆಟ್ಟಾಗಿದೆ ಅಂತ್ಲೇ ಮಗುನ ನೋಡ್ತಾರೆ. ಜಾತಕಕ್ಕೆ ಒಳ್ಳೇದ್ ಮಾಡೋಕೆ ಹೋಗಿ ಈ ಹಾಳೇಲಿ ಕೆಟ್ಟದ್ದು ಬರೆದ ಹಾಗಾಗುತ್ತೆ.’

ಅವರು ಹಾಳೆಯನ್ನೇ ನೋಡಿದರು. ಓದಲು ಬರುತ್ತಿತ್ತೋ ಇಲ್ಲವೋ. ಆಮೇಲೆ ಕೇಳಿದರು: ‘ಉಸ್ರಿಲ್ದೆ ಎಷ್ಟೊತ್ತಿತ್ತು ಅಂತ ಗೊತ್ತಾದ್ರೆ, ಉಟ್ಟಿದ್ ಟೇಮ್ ಗೊತ್ತಾಯ್ತದಾ?’

‘ಇಪ್ಪತ್ತರಿಂದ ಹಿಂದಕ್ಕೆ ಎಣಿಸಿದ್ರೆ ಗೊತ್ತಾಗುತ್ತೆ. ಮೂರು ನಿಮಿಷಕ್ಕಿಂತ ಜಾಸ್ತಿ ಇದ್ದಿದ್ರೆ ಪುಷ್ಯ. ಕಮ್ಮಿ ಇದ್ದಿದ್ರೆ ಆಶ್ಲೇಷ. ಆದ್ರೆ ಯಾರು ಎಣಿಸಿದ್ರು?’

‘ನಾನ್ ಎಣಿಸಿವ್ನಿ,’ ಎಂದರು.

ಮಗು ನನ್ನ ಕೈಗೆ ಬಿದ್ದು ಅಳದಿದ್ದಾಗಿನಿಂದ ಆಕೆ ಬೆರಳ ಗೆಣ್ಣು ಎಣಿಸುತ್ತ ಜಪ ಮಾಡಿದ್ದರು. ಒಂದು ಗೆಣ್ಣಿಗೆ ಒಂದು ಸಲ ಘಾಟಿ ಸುಬ್ಬಪ್ಪ. ನಾಲ್ಕು ಬೆರಳಿಗೆ ಹನ್ನೆರಡು ಗೆಣ್ಣು. ಮೂರು ಸುತ್ತು ಮುಗಿದಾಗ ಮಗು ಅತ್ತಿತು. ಎಣಿಸಿದ್ದು ತನ್ನ ಬೆರಳನ್ನಲ್ಲ, ತನ್ನ ಕೈಯೊಳಗಿದ್ದ ಸೊಸೆಯ ಬೆರಳನ್ನು.

‘ಇನ್ನೊಂದ್ ಸಲ ಎಣಿಸ್ತೀನಿ. ನೀವು ಟೇಮ್ ಇಡ್ಕಳಿ.’

ಅವರು ಮಂಚದ ಪಕ್ಕ ಕೂತು ಸೊಸೆಯ ಎಡಗೈ ತೆಗೆದುಕೊಂಡರು. ಬಲಗೈ ಮಗುವಿನ ಮೇಲಿತ್ತು. ಕಿರಿಯ ನರ್ಸ್ ಬಾಗಿಲಲ್ಲಿ ನಿಂತಿದ್ದಳು. ನಾನು ಅತ್ತೆಯ ಫೋನಿನಲ್ಲೇ ಸ್ಟಾಪ್‌ವಾಚ್ ಒತ್ತಿದೆ. ಮೊದಲ ಗೆಣ್ಣು.

ಈ ಗಳಿಗೆಯನ್ನು ನಾನು ಎಷ್ಟು ಸಲ ತಿರುಗಿಸಿ ನೋಡಿದ್ದೇನೋ. ಆಕೆಗೆ ಲೆಕ್ಕ ಗೊತ್ತಿತ್ತು. ನಾನೇ ಬಿಡಿಸಿ ಹೇಳಿದ್ದೆ. ಒಂದೊಂದು ಜಪವನ್ನು ಎಳೆದಿದ್ದರೆ ಸಾಕಿತ್ತು. ದೇವಸ್ಥಾನದಲ್ಲಿ ಹೇಳುವ ಹಾಗೆ, ಕಣ್ಣು ಮುಚ್ಚಿ, ನಿಧಾನವಾಗಿ. ಮೂವತ್ತಾರು ಸಲ ಎಳೆದರೆ ಮೂರು ನಿಮಿಷ ದಾಟುತ್ತಿತ್ತು, ಪುಷ್ಯ ಸಿಗುತ್ತಿತ್ತು, ನಾನು ಬರೆದುಕೊಳ್ಳುತ್ತಿದ್ದೆ. ಆಕೆ ಎಳೆಯಲಿಲ್ಲ. ಮನೆಗೆ ಬೆಂಕಿ ಬಿದ್ದವರ ಹಾಗೆ ಹೇಳಿದರು. ಉಸಿರು ತೆಗೆದುಕೊಳ್ಳಲೂ ನಿಲ್ಲದೆ, ಹಣೆಯಲ್ಲಿ ಬೆವರು ಒಡೆದು, ಸೊಸೆಯ ಬೆರಳು ಬೆಳ್ಳಗಾಗುವಷ್ಟು ಹಿಸುಕುತ್ತ. ಮಗು ಎದೆಯ ಮೇಲೆ ಬೆಚ್ಚಗೆ ಮಲಗಿತ್ತು, ಉಸಿರಾಡುತ್ತಿತ್ತು. ಆದರೂ ಕೋಣೆಯಲ್ಲಿ ಯಾರಿಗೂ ಅದರ ಮೇಲೆ ನಂಬಿಕೆಯಿರಲಿಲ್ಲ. ಮೂವತ್ತೈದು. ಮೂವತ್ತಾರು.

‘ಎಷ್ಟಾಯ್ತು?’

‘ಒಂದು ನಿಮಿಷ ಇಪ್ಪತ್ತೆರಡು ಸೆಕೆಂಡ್.’

‘ಅಷ್ಟೇನಾ?’

‘ಅಷ್ಟೇ.’

‘ಅಷ್ಟೇ ಒತ್ತಾ ಇದು ಉಸ್ರಿಲ್ದೆ ಇದ್ದಿದ್ದು?’ ಆಕೆಯ ಮುಖದಲ್ಲಿ ಬೆಳಗಿನಿಂದ ಕಾಣದ ಒಂದು ಸಡಿಲ ಕಂಡಿತು. ‘ನಂಗೆ ಒಂದ್ ವರ್ಸ ಆದಂಗಿತ್ತು ಕಣಮ್ಮ.’

‘ಹಂಗಂದ್ರೆ ಹುಟ್ಟಿದ್ದು ಹತ್ತೊಂಬತ್ತರ ಹತ್ತಿರ,’ ಎಂದೆ. ‘ಹೇಗ್ ನೋಡಿದ್ರೂ ಹದಿನೇಳು ದಾಟಿದೆ.’

‘ದಾಟ್ಲಿ. ಬರೀರಿ.’

ಆಕೆ ನಿಜವಾದ ವೇಗದಲ್ಲೇ ಹೇಳಿದರೇ? ಅಥವಾ ಮೊಮ್ಮಗಳು ಉಸಿರಿಲ್ಲದೆ ಇದ್ದ ಹೊತ್ತು ಆದಷ್ಟು ಕಮ್ಮಿಯಾಗಲಿ ಎಂದು ಓಡಿಸಿದರೇ? ಹಾಗೂ ಆಗಿರಬಹುದು. ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಸೊಸೆ ಮಾತ್ರ ಕೈಬೆರಳು ಬಿಡಿಸಿಕೊಂಡು ನೋಡಿ, ‘ಅವಾಗ್ಲೂ ಹಿಂಗೇ ಹಿಸುಕಿದ್ರಿ ಅತ್ತೆ. ನೋಡಿ, ಉಗುರು ಬಿದ್ದಿದೆ’ ಎಂದಳು. ನಮಗಿದ್ದ ಸಾಕ್ಷಿ ಅದೊಂದೇ.

ನಾನು ಮೂರು ಹತ್ತೊಂಬತ್ತು ಎಂದು ಬರೆದೆ. ಪಕ್ಕದಲ್ಲಿ ‘ಅಂದಾಜು’ ಎಂದೂ, ಹೇಗೆ ಅಂದಾಜು ಮಾಡಿದೆವೆಂದೂ ಬರೆದೆ. ಪೆನ್ನು ಮುಚ್ಚಲು ಹೋದೆ, ಮುಚ್ಚಲಾಗಲಿಲ್ಲ. ತನಗೆ ಬೇಕಾದ ಹೊತ್ತನ್ನು ಕೈಯಾರೆ ಬಿಟ್ಟುಕೊಟ್ಟ ಹೆಂಗಸು ಎರಡಡಿ ದೂರದಲ್ಲಿ ಸೆರಗಿನಿಂದ ಬೆವರು ಒರೆಸಿಕೊಳ್ಳುತ್ತಿದ್ದರು. ಗ್ರಾಫಿನಲ್ಲಿ ಮೂರೂ ಹತ್ತರ ಜಾಗದಲ್ಲಿ ಒಂದು ಸಾಲು ಸೇರಿಸಿದೆ: ‘ಜೋರಾಗಿ ಮುಕ್ಕಲು ನಾನು ಹೇಳಿದೆ. ವೈದ್ಯಕೀಯ ಕಾರಣವಿರಲಿಲ್ಲ.’ ಬಳ್ಳಿ ಕುತ್ತಿಗೆಗೆ ಸುತ್ತಿದ್ದರಿಂದಲೇ ಎದೆಬಡಿತ ಇಳಿದಿರಬಹುದು. ನನ್ನ ಕೂಗಿನಿಂದ ಇಳಿದಿರಲೂಬಹುದು. ಎರಡನ್ನೂ ಬೇರೆ ಮಾಡಿ ತೋರಿಸುವ ಯಂತ್ರ ಇಲ್ಲ. ಸಂಜೆ ಡಾಕ್ಟರು ಹಾಳೆ ಓದಿ, ‘ಇದ್ಯಾಕೆ ಬರೆದ್ರಿ ಸಿಸ್ಟರ್? ಯಾರು ಕೇಳಿದ್ರು?’ ಎಂದರು. ಯಾರೂ ಕೇಳಿರಲಿಲ್ಲ.

ಅದಕ್ಕೂ ಮೊದಲು, ನಾನಿನ್ನೂ ಹಾಳೆಯ ಮುಂದೆ ಕೂತಿದ್ದಾಗ, ಫೋನ್ ಮತ್ತೆ ರಿಂಗಾಯಿತು. ಮಗ ಸೇತುವೆ ಇಳಿದಿದ್ದ. ಒಳಗೆ ಫೋನ್ ಬಳಸಬಾರದೆಂದು ನಾನು ಹೇಳಲಿಲ್ಲ. ಅತ್ತೆ ಚೀಟಿಯನ್ನು ಉಂಡೆ ಕಟ್ಟಿ ಕಸದ ಬುಟ್ಟಿಗೆ ಹಾಕಿ, ಫೋನ್ ಕಿವಿಗಿಟ್ಟುಕೊಂಡರು.

‘ಊಂ ಕಣೋ, ಎಣ್ಣು. ಚೆನ್ನಾಗವ್ಳೆ... ಆಶ್ಲೇಷ. ನಂದೇ ನಕ್ಷತ್ರ... ಅಯ್ಯೋ, ಐನೋರ್ಗೆ ಆಮ್ಯಾಕ್ ಏಳಾನ ಬುಡು. ಮನೇಗೋಗಿ ದೊಡ್ ಫ್ಲಾಸ್ಕಲ್ಲಿ ಬಿಸ್ನೀರ್ ತಗಂಡ್ ಬಾ, ಇವ್ಳಿಗೆ ಬೇಕು.’